ಕೊಟ್ಟಿಗೆಯಿಂದ ಹೊರಬಂದ ಪದ್ಮಿನಿ: ಬೂಷ್ಟಿಗೆ ಯಾವ ಮದ್ದು, ಯಾವ ಜಾಗಕ್ಕೆ?

ಹಿಂದೊಂದು ವರ್ಷ ಅಕ್ಟೋಬರ್ ಎರಡನೆಯ ವಾರದಲ್ಲಿ, ಮಳೆ ಇನ್ನು ಬರಲಾರದು ಎಂಬ ಧೈರ್ಯ ಬಂದ ಮೇಲೆ, ಅಪ್ಪಯ್ಯನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿಗೆ ಹೊದಿಸಿದ್ದ ನೀಲಿ ಟಾರ್ಪಾಲನ್ನು ಎಳೆದು ಹಾಕಿದೆ. ಹೊರಮೈಗೆ ಏನೂ ಆಗಿರಲಿಲ್ಲ. ಬಾಗಿಲು ತೆಗೆದರೆ, ಅಟ್ಟದಲ್ಲಿ ಮರೆತುಹೋದ ಜಮಖಾನದ ವಾಸನೆ ಮುಖಕ್ಕೆ ಹೊಡೆಯಿತು. ಸ್ಟಿಯರಿಂಗಿಗೆ ಬಿಳಿಯ ತುಪ್ಪಳ ಮೂಡಿತ್ತು. ಮುಂದಿನ ಉದ್ದ ಸೀಟಿನ ಕಂದು ರೆಕ್ಸಿನ್ ಮೇಲೆ ಬೂದು ಚುಕ್ಕೆಗಳಿದ್ದವು; ಅವು ಎಲ್ಲ ಕಡೆ ಸಮನಾಗಿ ಹರಡಿರಲಿಲ್ಲ, ಅಪ್ಪಯ್ಯ ಕೂರುತ್ತಿದ್ದ ಬಲಗಡೆಯಲ್ಲೇ ದಟ್ಟವಾಗಿದ್ದವು. ಬೆವರು, ತಲೆಯ ಎಣ್ಣೆ ಎಲ್ಲೆಲ್ಲಿ ಹತ್ತಿತ್ತೋ ಅಲ್ಲೆಲ್ಲ ಬೂಷ್ಟಿಗೆ ಊಟ ಬಡಿಸಿದಂತಾಗಿತ್ತು.

ಕೊಟ್ಟಿಗೆ ಇರುವುದು ತೀರ್ಥಹಳ್ಳಿಯ ಕಡೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಇಲ್ಲಿಂದ ದೂರವಿಲ್ಲ. ಇಂಥ ಊರಿನಲ್ಲಿ ಬೂಷ್ಟಿನ ಬಗ್ಗೆ ಸಲಹೆಗೆ ಬರವಿಲ್ಲ. ಒಬ್ಬರು ವಿನೆಗರ್ ಎಂದರು, ಇನ್ನೊಬ್ಬರು ಬ್ಲೀಚಿಂಗ್ ಪೌಡರ್ ಎಂದರು. ಶಿವಮೊಗ್ಗದಲ್ಲಿ ಕೆಲಸ ಮಾಡುವ ದಾಯಾದಿ ತಮ್ಮ, ಫೋನಿನಲ್ಲಿ ವಾಸನೆ ತೆಗೆಯುವ ಓಜೋನ್ ಯಂತ್ರದ ವೀಡಿಯೊ ಕಳಿಸಿದ. ಪಕ್ಕದ ತೋಟದವರು ಗಂಭೀರವಾಗಿಯೇ, ಅಡಿಕೆಗೆ ಹೊಡೆದು ಉಳಿದ ಬೋರ್ಡೋ ದ್ರಾವಣ ಇದೆ, ಬೇಕಾದರೆ ಕೊಡುತ್ತೇನೆ ಎಂದರು. ಅದೊಂದನ್ನು ಬಿಟ್ಟು ಉಳಿದದ್ದರಲ್ಲಿ ಹಲವನ್ನು ನಾನು ಮಾಡಿ ನೋಡಿದ್ದೇನೆ, ಕೆಲವನ್ನು ಮಾಡಿ ಪಶ್ಚಾತ್ತಾಪಪಟ್ಟಿದ್ದೇನೆ. ಬೋರ್ಡೋ ಏಕೆ ಬೇಡ ಎಂದರೆ, ಅದು ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ರೆಕ್ಸಿನ್ ಮೇಲೆ ನೀಲಿ ಕಲೆ ಬಿಡುತ್ತದೆ, ತಾಮ್ರದ ಅಂಶ ಕಬ್ಬಿಣಕ್ಕೆ ತಾಗಿದಲ್ಲಿ ತುಕ್ಕು ಬೇಗ ಹಿಡಿಯುತ್ತದೆ. ಅಲ್ಲದೆ ಅಡಿಕೆಯ ಕೊಳೆ ರೋಗ ತರುವ ಜೀವಿಯೂ ಸೀಟಿನ ಬೂಷ್ಟೂ ಒಂದೇ ಕುಲದವಲ್ಲ.

ಈ ಎಲ್ಲ ಸಲಹೆಗಳಲ್ಲೂ ಇದ್ದ ಕೊರತೆ ಒಂದೇ. ಎಲ್ಲರೂ ಮದ್ದಿನ ಹೆಸರು ಹೇಳಿದರು, ಎಲ್ಲಿಗೆ ಎಂದು ಯಾರೂ ಕೇಳಲಿಲ್ಲ. ಹಳೆಯ ಕಾರಿನ ಒಳಗೆ ರೆಕ್ಸಿನ್ ಇದೆ, ಅದರ ಕೆಳಗೆ ಹತ್ತಿ, ಅದರ ಕೆಳಗೆ ತೆಂಗಿನ ನಾರು, ಅದರ ಕೆಳಗೆ ಸ್ಪ್ರಿಂಗು. ಬಾಗಿಲಿಗೆ ಹಾರ್ಡ್‌ಬೋರ್ಡ್, ನೆಲಕ್ಕೆ ಕಾರ್ಪೆಟ್, ಅದರಡಿಗೆ ಸೆಣಬು ಅಥವಾ ಫೆಲ್ಟ್, ತಲೆಯ ಮೇಲೆ ರೂಫ್ ಲೈನಿಂಗ್. ಒಂದಕ್ಕೆ ಅಮೃತವಾದದ್ದು ಇನ್ನೊಂದಕ್ಕೆ ವಿಷ. ಆದ್ದರಿಂದ ನನ್ನ ಹೋಲಿಕೆ ಬಾಟಲಿಗಳ ನಡುವಿನದಷ್ಟೇ ಅಲ್ಲ, ಜಾಗಗಳ ನಡುವಿನದೂ ಹೌದು.

ಕೊಲ್ಲುವುದೋ, ತೆಗೆಯುವುದೋ

ಬೂಷ್ಟಿನ ಬೀಜಾಣುಗಳು ಗಾಳಿಯಲ್ಲಿ ಯಾವಾಗಲೂ ಇರುತ್ತವೆ. ಅವನ್ನು ಕಾರಿನಿಂದ ಸಂಪೂರ್ಣವಾಗಿ ನಿರ್ನಾಮ ಮಾಡುತ್ತೇವೆ ಎನ್ನುವವರ ಮಾತನ್ನು ನಂಬಬೇಡಿ. ಬಾಗಿಲು ತೆಗೆದ ಕ್ಷಣವೇ ಹೊಸವು ಬಂದು ಕೂರುತ್ತವೆ. ಅವು ಮೊಳೆಯಬೇಕಾದರೆ ತೇವ ಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ, ಅಂದರೆ ಆ ಉಷ್ಣತೆಯಲ್ಲಿ ಗಾಳಿ ಹಿಡಿಯಬಲ್ಲ ನೀರಿನಲ್ಲಿ ಎಷ್ಟು ಪಾಲು ಇದೆ ಎಂಬ ಲೆಕ್ಕ, ಶೇಕಡ 70 ದಾಟಿ ದಿನಗಟ್ಟಲೆ ನಿಂತರೆ, ಉಷ್ಣತೆ 20ರಿಂದ 30 ಡಿಗ್ರಿ ಇದ್ದರೆ, ಬೂಷ್ಟಿಗೆ ಹಬ್ಬ. ನಮ್ಮ ಜುಲೈ ತಿಂಗಳು ಎಂದರೆ ಇದೇ.

ಇನ್ನೊಂದು ಸಂಗತಿ. ಸತ್ತ ಬೂಷ್ಟೂ ಕೆಮ್ಮು, ಸೀನು, ಉಬ್ಬಸ ತರಬಲ್ಲದು. ಹಾಗಾಗಿ ಸಿಂಪಡಿಸಿ ಸಾಯಿಸಿ ಅಲ್ಲೇ ಬಿಟ್ಟರೆ ಕೆಲಸ ಅರ್ಧವೂ ಆಗುವುದಿಲ್ಲ. ಒರೆಸಿ, ಹೀರಿ, ಹೊರಗೆ ಹಾಕಬೇಕು. ಬಾಟಲಿಯೊಳಗಿನ ದ್ರವಕ್ಕಿಂತ ಅದನ್ನು ಒರೆಸುವ ಬಟ್ಟೆ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ. ಹಳೆಯ ಪಂಚೆಯನ್ನು ಅಂಗೈಯಗಲ ಹರಿದು ಐವತ್ತು ತುಂಡು ಮಾಡಿಕೊಳ್ಳಿ, ಒಂದು ತುಂಡಿನಿಂದ ಎರಡು ಸಲಕ್ಕಿಂತ ಹೆಚ್ಚು ಒರೆಸಬೇಡಿ. ಒಂದೇ ಬಟ್ಟೆಯಿಂದ ಇಡೀ ಸೀಟು ಉಜ್ಜಿದರೆ ಬೂಷ್ಟನ್ನು ಬಿತ್ತನೆ ಮಾಡಿದಂತೆ.

ಎನ್95 ಮಾಸ್ಕ್, ಕೈಗವಸು, ಕಣ್ಣಿಗೆ ಕನ್ನಡಕ ಇರಲಿ. ಕೋವಿಡ್ ಕಾಲದ ಬಟ್ಟೆಯ ಮಾಸ್ಕ್ ಸಾಲದು. ಮನೆಯಲ್ಲಿ ಉಬ್ಬಸದವರಿದ್ದರೆ ಅವರು ಈ ಕೆಲಸಕ್ಕೆ ಕೈ ಹಾಕುವುದೇ ಬೇಡ.

ಮೊದಲು ಒಣಗಬೇಕು

ಅಡಿಕೆ ಬೆಳೆಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಪೂರ್ತಿ ಒಣಗದ ಅಡಿಕೆಯನ್ನು ಚೀಲಕ್ಕೆ ತುಂಬಿ ಬಾಯಿ ಹೊಲಿದರೆ ಏನಾಗುತ್ತದೆ ಎಂಬುದು ಗೊತ್ತೇ ಇದೆ. ಒದ್ದೆ ಸೀಟಿಗೆ ಮದ್ದು ಬಳಿದು ಬಾಗಿಲು ಮುಚ್ಚಿದರೂ ಆಗುವುದು ಅದೇ.

ಒಂದು ಲೆಕ್ಕ ನೋಡಿ. ಪದ್ಮಿನಿಯ ಒಳಗೆ ಇರುವ ಗಾಳಿ ಸುಮಾರು ಮೂರು ಘನ ಮೀಟರ್ ಎಂದುಕೊಳ್ಳೋಣ. 25 ಡಿಗ್ರಿಯಲ್ಲಿ, ಶೇಕಡ 90 ಆರ್ದ್ರತೆಯಲ್ಲಿ, ಅಷ್ಟು ಗಾಳಿಯಲ್ಲಿರುವ ನೀರು ಸುಮಾರು 60 ಗ್ರಾಂ. ಒಂದು ಸಣ್ಣ ಲೋಟವೂ ತುಂಬುವುದಿಲ್ಲ. ನೆನೆದ ಕಾರ್ಪೆಟ್, ಅದರಡಿಯ ಸೆಣಬು, ಸೀಟಿನ ಹತ್ತಿ ಮತ್ತು ನಾರಿನಲ್ಲಿ ಕೂತಿರುವ ನೀರಾದರೋ ಲೀಟರುಗಟ್ಟಲೆ. ಗಾಳಿ ಒಣಗಿಸುವ ಸಣ್ಣ ಪೊಟ್ಟಣಗಳನ್ನು ತೂಗುಹಾಕಿ ಕಾದು ಕುಳಿತರೆ ಏಕೆ ಪ್ರಯೋಜನವಿಲ್ಲ ಎಂಬುದು ಇದರಿಂದಲೇ ತಿಳಿಯುತ್ತದೆ.

ಬಿಸಿಲು ಮತ್ತು ಫ್ಯಾನು, ಇವೆರಡರಲ್ಲಿ ನನ್ನ ಮತ ಮೊದಲು ಬಿಸಿಲಿಗೆ. ಆದರೆ ಷರತ್ತುಗಳಿವೆ. ನಾಲ್ಕೂ ಬಾಗಿಲು, ಡಿಕ್ಕಿ ತೆರೆದಿಟ್ಟು ಹತ್ತು ಗಂಟೆಯಿಂದ ಮೂರರವರೆಗೆ ಬಿಡಬೇಕು. ಮುಚ್ಚಿದ ಕಾರನ್ನು ಬಿಸಿಲಿಗೆ ನಿಲ್ಲಿಸಿದರೆ ಒಳಗಿನ ನೀರು ಆವಿಯಾಗುತ್ತದೆ ನಿಜ, ಆದರೆ ಹೋಗಲು ದಾರಿಯಿಲ್ಲದೆ ಸಂಜೆ ತಂಪಾದಾಗ ಗಾಜಿನ ಮೇಲೆ, ಲೈನಿಂಗ್ ಮೇಲೆ ಮತ್ತೆ ಕೂರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಇಬ್ಬನಿ ಇಳಿಯುವ ಮೊದಲೇ ಕಾರನ್ನು ಮಾಡಿನ ಕೆಳಗೆ ತರಬೇಕು. ನಾನು ಒಂದು ದಿನ ತಡ ಮಾಡಿ, ಬೆಳಿಗ್ಗೆ ನೋಡಿದರೆ ಸೀಟು ಮತ್ತೆ ತಣ್ಣಗಿತ್ತು. ಚರ್ಮದ ಸೀಟಿರುವ ಹಳೆಯ ಬ್ರಿಟಿಷ್ ಕಾರಾದರೆ ನೇರ ಬಿಸಿಲು ಬೇಡವೇ ಬೇಡ, ಚರ್ಮ ಬಿರಿಯುತ್ತದೆ. ಅಂಥದಕ್ಕೆ ನೆರಳಿನಲ್ಲಿ ಫ್ಯಾನು. ಹಳೆಯ ರೆಕ್ಸಿನ್ ಕೂಡ ಗಟ್ಟಿಯಾಗಿದ್ದರೆ ದಿನವಿಡೀ ಬಿಸಿಲಿಗೆ ಒಡ್ಡಬೇಡಿ.

ಫ್ಯಾನಿನ ಬಗ್ಗೆ ಒಂದು ಎಚ್ಚರಿಕೆ. ಬೂಷ್ಟು ಒಣಗಿ ಪುಡಿಯಾಗಿರುವಾಗ ಫ್ಯಾನು ಹಾಕಿದರೆ ಬೀಜಾಣುಗಳು ಕೊಟ್ಟಿಗೆ ತುಂಬ ಹಾರುತ್ತವೆ. ಮೊದಲು ಕಣ್ಣಿಗೆ ಕಾಣುವ ಬೂಷ್ಟನ್ನು ತೇವದ ಬಟ್ಟೆಯಿಂದ ಎತ್ತಿ, ಆಮೇಲೆ ಗಾಳಿ. ವ್ಯಾಕ್ಯೂಮ್ ಕ್ಲೀನರಿಗೂ ಇದೇ ಮಾತು: ಅತಿ ಸಣ್ಣ ಕಣಗಳನ್ನೂ ಹಿಡಿದಿಡುವ ಹೆಪಾ ಫಿಲ್ಟರ್ ಇರುವ ಯಂತ್ರವಾದರೆ ಸರಿ, ಇಲ್ಲದಿದ್ದರೆ ಅದು ಮುಂದಿನಿಂದ ಹೀರಿ ಹಿಂದಿನಿಂದ ಉಗುಳುತ್ತದೆ. ಸಾಮಾನ್ಯ ಯಂತ್ರವೇ ಇರುವುದಾದರೆ ಯಂತ್ರವನ್ನು ಹೊರಗೆ ಗಾಳಿಯ ದಿಕ್ಕಿಗಿಟ್ಟು ಕೊಳವೆಯನ್ನಷ್ಟೇ ಒಳಗೆ ತನ್ನಿ.

ನೀರು ಎಲ್ಲಿಂದ ಬಂತು ಎಂಬುದನ್ನೂ ಈಗಲೇ ಹುಡುಕಬೇಕು. ಮುಂಗಾಜಿನ ರಬ್ಬರ್ ಬೀಡಿಂಗ್, ಬಾಗಿಲಿನ ತಳದ ನೀರು ಹೋಗುವ ತೂತುಗಳು, ಎಂಜಿನ್ ಕಡೆಯಿಂದ ವೈರು ಒಳಬರುವ ಜಾಗದ ರಬ್ಬರ್, ನೆಲದ ತಗಡಿನ ತುಕ್ಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟರೆ ಹತ್ತು ನಿಮಿಷದಲ್ಲಿ ಕಳ್ಳ ಸಿಕ್ಕಿಬೀಳುತ್ತಾನೆ. ಮಳೆಯಲ್ಲಿ ಸೋರದ ಅಂಬಾಸಡರನ್ನು ನಾನಂತೂ ಕಂಡಿಲ್ಲ. ಪದ್ಮಿನಿ ಸ್ವಲ್ಪ ಮೇಲು, ಸ್ವಲ್ಪ ಮಾತ್ರ.

ಬಾಟಲಿಗಳ ಜಾತಕ

ಬ್ಲೀಚ್‌ನಿಂದ ಶುರು ಮಾಡೋಣ, ಏಕೆಂದರೆ ಹೆಚ್ಚು ಜನ ಕೈ ಹಾಕುವುದು ಅದಕ್ಕೇ. ಬಚ್ಚಲುಮನೆಯ ಟೈಲ್ಸ್ ಬಿಳಿಯಾಗುವುದನ್ನು ಕಂಡವರಿಗೆ ಅದರ ಮೇಲೆ ನಂಬಿಕೆ ಬರುವುದು ಸಹಜ. ಕಾರಿನೊಳಗೆ ಅದು ಶತ್ರು. ಬಣ್ಣ ತೆಗೆಯುತ್ತದೆ, ಹೊಲಿಗೆಯ ನೂಲನ್ನು ಶಿಥಿಲಗೊಳಿಸುತ್ತದೆ, ಸ್ಪ್ರಿಂಗಿಗೂ ಸ್ಕ್ರೂಗಳಿಗೂ ತುಕ್ಕು ಹಿಡಿಸುತ್ತದೆ. ಬಟ್ಟೆ, ಹತ್ತಿಯಂಥ ಹೀರುವ ವಸ್ತುಗಳಲ್ಲಿ ಅದರ ಮದ್ದಿನ ಗುಣ ಮೇಲ್ಮೈಯಲ್ಲೇ ಮುಗಿದು ನೀರು ಮಾತ್ರ ಒಳಗಿಳಿಯುತ್ತದೆ. ಅಂದರೆ ಆಳದ ಬೂಷ್ಟಿಗೆ ನಾವೇ ನೀರೂಡಿಸಿದಂತೆ. ಕಲೆ ಮಾಯವಾಗುವುದರಿಂದ ಬೂಷ್ಟು ಹೋಯಿತು ಎಂಬ ಭ್ರಮೆ ಬೇರೆ. ಬ್ಲೀಚ್ ಜೊತೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಹುಟ್ಟುತ್ತದೆ, ಅಮೋನಿಯಾ ಇರುವ ಗಾಜು ಒರೆಸುವ ದ್ರವ ಸೇರಿದರೆ ಬೇರೊಂದು ವಿಷಾನಿಲ. ಕಾರಿನಂಥ ಇಕ್ಕಟ್ಟಿನಲ್ಲಿ ಇದು ಪ್ರಾಣಕ್ಕೆ ಅಪಾಯ. ಬ್ಲೀಚ್ ಬಾಟಲಿಯನ್ನು ಬಚ್ಚಲುಮನೆಯಲ್ಲೇ ಬಿಟ್ಟು ಬನ್ನಿ.

ವಿನೆಗರ್ ಬಡವರ ಮದ್ದು, ಆದರೆ ಕೆಟ್ಟ ಮದ್ದಲ್ಲ. ಅಂಗಡಿಯ ಬಿಳಿ ವಿನೆಗರಿನಲ್ಲಿ ಅಸಿಟಿಕ್ ಆಮ್ಲ ಶೇಕಡ 4ರ ಆಸುಪಾಸಿನಲ್ಲಿರುತ್ತದೆ. ಅದನ್ನು ನೀರು ಬೆರೆಸದೆಯೇ ಬಟ್ಟೆಗೆ ಹಾಕಿಕೊಂಡು ರೆಕ್ಸಿನ್ ಒರೆಸಿ, ಅರ್ಧ ಗಂಟೆ ಬಿಟ್ಟು ಸ್ವಚ್ಛ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಬಹುದು. ಎಲ್ಲ ಜಾತಿಯ ಬೂಷ್ಟಿಗೂ ಅದು ಸಮನಾಗಿ ನಾಟುವುದಿಲ್ಲ, ವಾಸನೆ ಎರಡು ಮೂರು ದಿನ ಉಳಿಯುತ್ತದೆ, ಬಳಿದು ಹಾಗೇ ಬಿಟ್ಟರೆ ಬರಿಯ ಕಬ್ಬಿಣಕ್ಕೆ ಒಳ್ಳೆಯದಲ್ಲ. ಅದರ ಜೊತೆ ಅಡುಗೆ ಸೋಡ ಬೆರೆಸಿ ನೊರೆ ಬರಿಸುವ ವೀಡಿಯೊಗಳು ಬಹಳ ಇವೆ. ನೊರೆ ನೋಡಲು ಚೆಂದ. ಆಮ್ಲವೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ ಕೊನೆಗೆ ಉಳಿಯುವುದು ಹೆಚ್ಚು ಕಡಿಮೆ ಉಪ್ಪುನೀರು. ಎರಡನ್ನೂ ಬಳಸುವ ಆಸೆಯಿದ್ದರೆ ಬೇರೆ ಬೇರೆಯಾಗಿ ಬಳಸಿ: ವಿನೆಗರ್ ರೆಕ್ಸಿನ್‌ಗೆ, ಒಣ ಸೋಡ ಕಾರ್ಪೆಟ್‌ನ ವಾಸನೆ ಹೀರುವುದಕ್ಕೆ.

ಐಸೊಪ್ರೊಪೈಲ್ ಆಲ್ಕೊಹಾಲ್ ನನ್ನ ಮೊದಲ ಆಯ್ಕೆ. ಶೇಕಡ 70ರದ್ದನ್ನೇ ತೆಗೆದುಕೊಳ್ಳಿ. 99ರದ್ದು ಇನ್ನೂ ಬಲವಾದದ್ದು ಎಂದು ತೋರಿದರೂ ಅದು ಬೇಗ ಆರಿಹೋಗುತ್ತದೆ, ಜೀವಕೋಶದೊಳಗೆ ಇಳಿಯಲು ಸ್ವಲ್ಪ ನೀರಿನ ಅಂಶ ಬೇಕು. ವಿನೆಗರಿಗಿಂತ ಇದು ಮೇಲು ಎನ್ನಲು ದೊಡ್ಡ ಕಾರಣ, ಇದು ತೇವವನ್ನು ಬಿಟ್ಟು ಹೋಗುವುದಿಲ್ಲ. ಮಲೆನಾಡಿನಲ್ಲಿ ಆ ಒಂದು ಗುಣಕ್ಕೇ ನೂರು ಅಂಕ ಕೊಡಬೇಕು. ಆದರೆ ಬೆಂಕಿ ಹತ್ತುವ ವಸ್ತು; ಬ್ಯಾಟರಿಯ ತಂತಿ ಕಳಚಿ, ಬಾಗಿಲು ತೆರೆದು, ಬೀಡಿ ಸಿಗರೇಟು ದೂರವಿಟ್ಟು ಬಳಸಬೇಕು. ಮೀಟರಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ತಾಗಿಸಬೇಡಿ, ಬಿರುಕು ಬಿಡಬಹುದು. ಪಾಲಿಶ್ ಮಾಡಿದ ಮರದ ಡ್ಯಾಶ್‌ಬೋರ್ಡ್ ಇರುವ ಕಾರಾದರೆ ಅಲ್ಲಿಗೂ ಬೇಡ, ಅರಗಿನ ಪಾಲಿಶ್ ಕರಗಿ ಬರುತ್ತದೆ. ಮನೆಯಲ್ಲಿ ಉಳಿದಿರುವ ಸ್ಯಾನಿಟೈಸರ್ ಇದೇ ತಾನೇ ಎಂದು ನಾನೂ ಯೋಚಿಸಿದ್ದೆ. ಅದರಲ್ಲಿ ಗ್ಲಿಸರಿನ್ ಇರುತ್ತದೆ. ಒರೆಸಿದ ಮೇಲೆ ಸ್ಟಿಯರಿಂಗ್ ಬೆಲ್ಲದ ಪಾಕ ಹತ್ತಿದಂತೆ ಅಂಟಿತು, ಅದನ್ನು ತೆಗೆಯಲು ಇನ್ನೊಂದು ಮಧ್ಯಾಹ್ನ ಹೋಯಿತು.

ಹೈಡ್ರೋಜನ್ ಪೆರಾಕ್ಸೈಡ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಶೇಕಡ 6ರದ್ದಾದರೆ ಅಷ್ಟೇ ನೀರು ಬೆರೆಸಿ 3 ಮಾಡಿಕೊಳ್ಳಬೇಕು. ಕಲೆ ತೆಗೆಯುವುದರಲ್ಲಿ ಉಳಿದೆಲ್ಲಕ್ಕಿಂತ ಇದು ಮುಂದು; ಕೆಲಸ ಮುಗಿದ ಮೇಲೆ ನೀರು ಮತ್ತು ಆಮ್ಲಜನಕವಾಗಿ ಒಡೆದುಹೋಗುವುದರಿಂದ ವಾಸನೆಯೂ ಇಲ್ಲ. ತೊಂದರೆ ಏನೆಂದರೆ ಬೂಷ್ಟಿನ ಬಣ್ಣದ ಜೊತೆ ಬಟ್ಟೆಯ ಬಣ್ಣವನ್ನೂ ತೆಗೆಯಬಲ್ಲದು. ಕೆನೆಬಣ್ಣದ ಲೈನಿಂಗಿಗೆ ಸರಿ, ಕೆಂಪು ಕಾರ್ಪೆಟ್‌ಗೆ ಜೂಜು. ಸೀಟಿನ ಅಡಿಯ, ಯಾರಿಗೂ ಕಾಣದ ಮೂಲೆಯಲ್ಲಿ ಪರೀಕ್ಷಿಸಿ ಒಂದು ದಿನ ಕಾದ ಮೇಲೆಯೇ ಮುಂದುವರಿಯಿರಿ. ವಿನೆಗರ್ ಜೊತೆ ಒಂದೇ ಬಾಟಲಿಯಲ್ಲಿ ಬೆರೆಸಬೇಡಿ, ಕಣ್ಣು ಮೂಗು ಸುಡುವ ಆಮ್ಲವೊಂದು ತಯಾರಾಗುತ್ತದೆ.

ಬಿಳಿಗಾರವನ್ನು, ಅಂದರೆ ಬೊರಾಕ್ಸನ್ನು, ಇಂದಿನವರು ಮರೆತಿದ್ದಾರೆ. ಬಿಸಿನೀರಿನಲ್ಲಿ ಕರಗಿಸಿ ಬಾಗಿಲಿನ ಹಾರ್ಡ್‌ಬೋರ್ಡಿನ ಹಿಂಬದಿಗೆ ತೆಳುವಾಗಿ ಹಚ್ಚಿ ಒಣಗಿಸಿದರೆ, ಅಲ್ಲೇ ಉಳಿದು ಮತ್ತೆ ಬೂಷ್ಟು ಏಳದಂತೆ ಬಹುಕಾಲ ತಡೆಯುತ್ತದೆ. ಉಳಿದ ಮದ್ದುಗಳು ಒರೆಸಿದ ದಿನಕ್ಕೆ ಮುಗಿಯುತ್ತವೆ, ಇದು ಕಾವಲು ಕಾಯುತ್ತದೆ. ಕೈ ತಾಗುವ ಜಾಗಕ್ಕೆ, ಮಕ್ಕಳು ಕೂರುವ ಸೀಟಿಗೆ ಮಾತ್ರ ಬೇಡ.

ಕರ್ಪೂರ, ನೀಲಗಿರಿ ಎಣ್ಣೆ, ನುಸಿಗುಳಿಗೆ ಇವೆಲ್ಲ ವಾಸನೆಯನ್ನು ವಾಸನೆಯಿಂದ ಮುಚ್ಚುತ್ತವೆ, ಅಷ್ಟೇ. ನುಸಿಗುಳಿಗೆಯ ವಾಸನೆ ರೆಕ್ಸಿನ್‌ಗೆ ಹಿಡಿದರೆ ಅದನ್ನು ಬಿಡಿಸುವುದು ಬೂಷ್ಟು ಬಿಡಿಸುವುದಕ್ಕಿಂತ ಕಷ್ಟ.

ಯಾವುದನ್ನು ಉಳಿಸುವುದು, ಯಾವುದನ್ನು ಎಸೆಯುವುದು

ರೆಕ್ಸಿನ್ ಹೆಚ್ಚಾಗಿ ಉಳಿಯುತ್ತದೆ. ಮೊದಲು ಸ್ವಲ್ಪ ಶಾಂಪೂ ಅಥವಾ ಅಂಟುವಾಳದ ನೀರಿನಿಂದ ಜಿಡ್ಡು ತೆಗೆದು, ಆರಿದ ಮೇಲೆ ಆಲ್ಕೊಹಾಲ್ ಬಟ್ಟೆ. ಹೊಲಿಗೆಯ ಸಾಲಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಒರೆಸಿದ ಮೇಲೂ ಬೂದು ಅಥವಾ ಗುಲಾಬಿ ಛಾಯೆ ಉಳಿದರೆ ಅದು ಜೀವಂತ ಬೂಷ್ಟಲ್ಲ, ರೆಕ್ಸಿನ್‌ನ ಒಳಗೇ ಇಳಿದ ಕಲೆ. ಅದನ್ನು ಉಜ್ಜಿ ಉಜ್ಜಿ ಮೇಲಿನ ಪದರ ಕಿತ್ತವರಿದ್ದಾರೆ. ಕಲೆಯ ಜೊತೆ ಬದುಕಬಹುದು, ಹರಿದ ರೆಕ್ಸಿನ್ ಜೊತೆ ಕಷ್ಟ.

ಚರ್ಮಕ್ಕೆ ಒಂದು ಪಾಲು ಆಲ್ಕೊಹಾಲ್, ಒಂದು ಪಾಲು ನೀರು. ಬಟ್ಟೆ ಬರಿಯ ಪಸೆಯಾಗಿರಬೇಕು, ಹಿಂಡಿದರೆ ತೊಟ್ಟಿಕ್ಕಬಾರದು. ನೆರಳಿನಲ್ಲಿ ಆರಿದ ಮೇಲೆ ಚರ್ಮದ ಕಂಡಿಷನರ್. ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಬಳಿಯುವ ರೂಢಿ ಇದೆಯಲ್ಲ, ಅದನ್ನು ಚರ್ಮದ ಸೀಟಿನ ಮೇಲೆ ತೋರಿಸಬೇಡಿ. ಎಣ್ಣೆ ಕಮಟು ಹಿಡಿಯುತ್ತದೆ, ಮುಂದಿನ ಮಳೆಗಾಲಕ್ಕೆ ಬೂಷ್ಟಿಗೆ ಬುತ್ತಿ ಕಟ್ಟಿಕೊಟ್ಟಂತಾಗುತ್ತದೆ.

ಕಾರ್ಪೆಟ್ಟನ್ನು ಕಾರಿನೊಳಗಿಟ್ಟು ತೊಳೆಯುವುದು ಮತ್ತು ಹೊರತೆಗೆದು ತೊಳೆಯುವುದು, ಇವೆರಡರ ನಡುವೆ ಆಯ್ಕೆಯೇ ಇಲ್ಲ. ಹೊರತೆಗೆಯಿರಿ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸೋಪಿನ ಪುಡಿ ಹಾಕಿ ಉಜ್ಜಿ, ಮೂರು ದಿನ ಬಿಸಿಲಿಗೆ ಹಾಕಿ. ಅದರಡಿಯ ಸೆಣಬು ಅಥವಾ ಫೆಲ್ಟನ್ನು ಎಸೆಯಿರಿ, ಮರುಮಾತಿಲ್ಲದೆ. ನಾನು ಮೊದಲ ವರ್ಷ ಜಿಪುಣತನದಿಂದ ಅದನ್ನೇ ಒಣಗಿಸಿ ಮತ್ತೆ ಹಾಸಿದೆ. ಡಿಸೆಂಬರ್‌ನಲ್ಲಿ ವಾಸನೆ ಹಾಗೇ ಇತ್ತು. ಎರಡನೆಯ ಸಲ ಎಲ್ಲವನ್ನೂ ಬಿಚ್ಚಿದಾಗ ತಗಡಿನ ಮೇಲೆ ರೂಪಾಯಿ ಅಗಲದ ತುಕ್ಕಿನ ತೂತು ಕಾಣಿಸಿತು. ಹೊಸ ಫೆಲ್ಟ್ ಕೊಂಡಿದ್ದರೆ ಟಿಂಕರಿಂಗ್ ಖರ್ಚು ಉಳಿಯುತ್ತಿತ್ತು.

ಸೀಟಿನ ಒಳಗಿನ ಹತ್ತಿ ಕಪ್ಪಾಗಿದ್ದರೆ ಅದಕ್ಕೂ ವಿದಾಯ. ತೆಂಗಿನ ನಾರು ಅಷ್ಟು ಬೇಗ ಸೋಲುವುದಿಲ್ಲ. ಕೊಡವಿ, ಬಿಸಿಲಿಗೆ ಹಾಕಿ, ಪುಡಿಯಾಗದೆ ಗಟ್ಟಿಯಾಗಿದ್ದರೆ ಉಳಿಸಿಕೊಳ್ಳಬಹುದು. ಕುಶನ್ ಕೆಲಸದವರು ಎಲ್ಲವನ್ನೂ ಕಿತ್ತು ಫೋಮ್ ಹಾಕಿಬಿಡೋಣ ಎನ್ನುತ್ತಾರೆ, ಅವರಿಗೆ ಅದು ಸುಲಭ. ಫೋಮ್ ಕೂತಾಗ ಮೆತ್ತಗಿರುತ್ತದೆ, ಆದರೆ ಒದ್ದೆಯಾದರೆ ನಾರಿನಷ್ಟು ಬೇಗ ಒಣಗುವುದಿಲ್ಲ. ಮಲೆನಾಡು, ಕರಾವಳಿಯವರಿಗೆ ನಾರೇ ವಾಸಿ ಎಂದು ನನ್ನ ಪಕ್ಷಪಾತ. ಬಿಚ್ಚುವ ಮೊದಲು ಹೊಲಿಗೆಯ ವಿನ್ಯಾಸದ ಫೋಟೊಗಳನ್ನು ತೆಗೆದಿಡಿ. ಹಳೆಯ ಕಾರುಗಳನ್ನು ಹತ್ತಿರದಿಂದ ನೋಡಬೇಕೆನಿಸಿದರೆ ಧರ್ಮಸ್ಥಳದ ಕಾರುಗಳ ಸಂಗ್ರಹವಿದೆ, ಶ್ರೀರಂಗಪಟ್ಟಣದ ಬಳಿಯ ಪಯಣ ಸಂಗ್ರಹಾಲಯವಿದೆ. ಕಿಟಕಿಯಲ್ಲಿ ಇಣುಕಿದರೆ ಕಲಿಯಲು ಬೇಕಾದಷ್ಟಿದೆ.

ರೂಫ್ ಲೈನಿಂಗ್ ಎಲ್ಲಕ್ಕಿಂತ ನಾಜೂಕು. ಮೇಲೆ ನೇರವಾಗಿ ಸಿಂಪಡಿಸಲೇಬಾರದು. ಅಂಟಿನಿಂದ ಕೂರಿಸಿದ ಲೈನಿಂಗ್ ತೇವ ಕುಡಿದರೆ ಜೋತುಬೀಳುತ್ತದೆ. ಬಟ್ಟೆಗೆ ಆಲ್ಕೊಹಾಲ್ ಹಾಕಿಕೊಂಡು, ಒತ್ತದೆ, ಒಂದೇ ದಿಕ್ಕಿಗೆ ಎಳೆಯಬೇಕು. ಲೈನಿಂಗ್‌ನ ಮೇಲ್ಭಾಗದಲ್ಲಿ, ತಗಡಿನ ಕಡೆಗೆ, ಬೂಷ್ಟು ಇದ್ದರೆ ಕೆಳಗಿನಿಂದ ಏನು ಮಾಡಿದರೂ ವ್ಯರ್ಥ. ಬಿಚ್ಚಿ ಹೊಸದು ಹಾಕಿಸಬೇಕು.

ಯಂತ್ರ ತರಿಸುವುದೋ?

ಓಜೋನ್ ಯಂತ್ರಕ್ಕೆ ಈಗ ಪ್ರಚಾರ ಬಹಳ. ವಾಸನೆ ತೆಗೆಯುವುದರಲ್ಲಿ ಅದು ಸಮರ್ಥ, ಅನುಮಾನವಿಲ್ಲ. ಆದರೆ ಬೂಷ್ಟನ್ನು ಅದು ಎತ್ತಿ ಹೊರಗೆ ಹಾಕುವುದಿಲ್ಲ. ಇದಕ್ಕಿಂತ ದೊಡ್ಡ ತಕರಾರು ನನಗೆ ರಬ್ಬರಿನದು. ಓಜೋನ್ ತಾಗಿದ ನೈಸರ್ಗಿಕ ರಬ್ಬರ್ ಬಿರುಕು ಬಿಡುತ್ತದೆ, ಹಳೆಯ ಕಾರಿನ ಬೀಡಿಂಗ್‌ಗಳು ಮೊದಲೇ ಮುಪ್ಪಾಗಿರುತ್ತವೆ. ವಾಸನೆ ಹೋಗಲೆಂದು ಯಂತ್ರ ಇಟ್ಟು, ಬೀಡಿಂಗ್ ಸೀಳಿ, ಮುಂದಿನ ಮಳೆಗೆ ನೀರು ಒಳಬಂದರೆ ಬೂಷ್ಟು ಮತ್ತೆ ಹಾಜರು. ಹೊಸ ಕಾರಿನವರು ಬೇಕಾದರೆ ಬಳಸಲಿ. ಬಳಸಿದರೂ ಯಂತ್ರ ನಡೆಯುವಾಗ ಒಳಗೆ ಯಾರೂ ಇರಬಾರದು, ಆಮೇಲೆ ಚೆನ್ನಾಗಿ ಗಾಳಿಯಾಡಿಸಿದ ಮೇಲೆಯೇ ಕೂರಬೇಕು.

ಸ್ಟೀಮ್ ಕ್ಲೀನಿಂಗ್ ಇದಕ್ಕಿಂತ ಪ್ರಾಮಾಣಿಕ ವಿಧಾನ. ಬಿಸಿ ಆವಿ ಬೂಷ್ಟನ್ನು ಕೊಲ್ಲುತ್ತದೆ, ಕೊಳೆಯನ್ನೂ ಎಬ್ಬಿಸುತ್ತದೆ. ಆದರೆ ಆವಿ ಎಂದರೆ ನೀರು. ಬೇಸಿಗೆಯಲ್ಲಿ ಬೆಂಗಳೂರಿನ ಅಥವಾ ಹುಬ್ಬಳ್ಳಿಯ ಒಣ ಹವೆಯಲ್ಲಿ ಮಾಡಿಸಿದರೆ ಸಂಜೆಗೆ ಒಣಗುತ್ತದೆ. ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಮಾಡಿಸುವುದು ದುಡ್ಡು ಕೊಟ್ಟು ತೇವ ಕೊಂಡಂತೆ. ರಬ್ಬರ್ ಮ್ಯಾಟ್, ಗಟ್ಟಿ ರೆಕ್ಸಿನ್‌ಗೆ ಸರಿ, ಲೈನಿಂಗ್‌ಗೂ ಅಂಟು ಹಾಕಿದ ಜಾಗಕ್ಕೂ ಬೇಡ.

ಕಾರಿನ ಒಳಹೊರಗನ್ನು ಸ್ವಚ್ಛ ಮಾಡಿ ಹೊಳಪು ಕೊಡುವ ಡೆಟೇಲಿಂಗ್ ಅಂಗಡಿಗೆ ಕೊಡುವವರು ಒಂದೇ ಪ್ರಶ್ನೆ ಕೇಳಿ: ಸೀಟು ಮತ್ತು ಕಾರ್ಪೆಟ್ ಬಿಚ್ಚುತ್ತೀರಾ? ಬಿಚ್ಚದೆಯೇ ಆಗುತ್ತದೆ ಎಂದರೆ ಕಾರು ವಾಪಸ್ ತನ್ನಿ. ನಮ್ಮ ಕಾರನ್ನು ಹಿಂದೊಮ್ಮೆ ಒಂದು ಕಡೆ ಕೊಟ್ಟಿದ್ದೆವು. ಹೊಳೆಯುವ ಡ್ಯಾಶ್‌ಬೋರ್ಡ್, ಮಲ್ಲಿಗೆಯ ಪರಿಮಳದೊಂದಿಗೆ ಹಿಂದಿರುಗಿತು. ಸೀಟಿನಡಿಗೆ ಕೈ ಹಾಕಿದರೆ ಬೂಷ್ಟು ಇದ್ದಲ್ಲೇ ಇತ್ತು. ಮೂರು ನಾಲ್ಕು ದಿನದ ಬಿಡುವು, ಕೆಲವು ಸ್ಪ್ಯಾನರ್‌ಗಳು ಇದ್ದರೆ ಪದ್ಮಿನಿ, ಅಂಬಾಸಡರ್‌ಗಳ ಕೆಲಸವನ್ನು ಮನೆಯಲ್ಲೇ ಮಾಡಬಹುದು. ಆ ಕಾಲದ ಕಾರುಗಳ ದೊಡ್ಡ ಸೌಜನ್ಯವೇ ಅದು, ಬೋಲ್ಟ್ ಬಿಚ್ಚಿದರೆ ಬಿಚ್ಚಿಕೊಳ್ಳುತ್ತವೆ. ಇಡೀ ಕಾರು ನೆರೆಯಲ್ಲಿ ಮುಳುಗಿದ್ದರೆ, ಅಥವಾ ಅಪರೂಪದ ಚರ್ಮದ ಒಳಾಂಗಣವಿದ್ದರೆ ಮಾತ್ರ ಬಲ್ಲವರ ಕೈಗೆ ಕೊಡಿ.

ಮುಂದಿನ ಜೂನ್ ಬರುವ ಮೊದಲು

ನೀಲಿ ಟಾರ್ಪಾಲಿಗೆ ನಮ್ಮ ಮನೆಯಲ್ಲಿ ಈಗ ಅಡಿಕೆ ಅಂಗಳವೇ ಗತಿ. ಪ್ಲಾಸ್ಟಿಕ್ ಹೊದಿಕೆ ನೀರನ್ನು ಹೊರಗಿಡುವಷ್ಟೇ ನಿಷ್ಠೆಯಿಂದ ತೇವವನ್ನು ಒಳಗಿಡುತ್ತದೆ. ಮಾಡಿನ ಕೆಳಗೆ ನಿಲ್ಲುವ ಕಾರಿಗೆ ಹತ್ತಿಯ ಹೊದಿಕೆ ಸಾಕು.

ಕಿಟಕಿಯನ್ನು ಒಂದಂಗುಲ ಇಳಿಸಿಡಬೇಕು, ಗಾಳಿಯಾಡಲಿ ಎನ್ನುವುದು ಒಣ ಊರುಗಳ ಬುದ್ಧಿವಾದ. ಹೊರಗಿನ ಗಾಳಿಯೇ ಶೇಕಡ 95 ತೇವವಾಗಿರುವಾಗ ಅದು ಒಳಬಂದು ಒಣಗಿಸುವುದು ಏನನ್ನು? ಇಲಿಗೆ ಬಾಗಿಲು ತೆರೆದಂತಾಗುತ್ತದೆ, ಅಷ್ಟೇ. ಮೈಸೂರು, ಬಳ್ಳಾರಿಯವರು ಇಳಿಸಿಡಿ. ನಮ್ಮಂಥವರು ಮುಚ್ಚಿ ಒಳಗೆ ತೇವ ಹೀರುವ ವಸ್ತು ಇಡುವುದೇ ಮೇಲು.

ಕಪಾಟಿನೊಳಗೆ ಬಲ್ಬು ಉರಿಸುವ ಹಳೆಯ ಉಪಾಯವನ್ನು ಕಾರಿನಲ್ಲೂ ನಡೆಸಿದೆ. ಅದರ ಹಿಂದಿನ ತತ್ವ ಸರಿಯಾದದ್ದೇ: 22 ಡಿಗ್ರಿಯ, ಶೇಕಡ 90 ತೇವದ ಗಾಳಿಯನ್ನು 27 ಡಿಗ್ರಿಗೆ ಬಿಸಿ ಮಾಡಿದರೆ ಆರ್ದ್ರತೆ 67ಕ್ಕೆ ಇಳಿಯುತ್ತದೆ, ಒಂದು ಹನಿ ನೀರು ತೆಗೆಯದೆಯೇ. ಆದರೆ ಕಪಾಟಿನ ಮರ ಶಾಖ ಹಿಡಿದಿಡುತ್ತದೆ, ಕಾರಿನ ತಗಡು ಮತ್ತು ಗಾಜು ಬಿಟ್ಟುಕೊಡುತ್ತವೆ. 60 ವಾಟಿನ ಬಲ್ಬಿನಿಂದ ಕಾರು ಒಂದೆರಡು ಡಿಗ್ರಿಗಿಂತ ಹೆಚ್ಚು ಬೆಚ್ಚಗಾಗಲಿಲ್ಲ. ಎಲ್‌ಇಡಿ ಬಲ್ಬಾದರೆ ಅದೂ ಇಲ್ಲ. ಬೆಂಕಿಯ ಭಯ ಬೇರೆ. ಕೈಬಿಟ್ಟೆ.

ಸಿಲಿಕಾ ಜೆಲ್ ಮತ್ತು ಕ್ಯಾಲ್ಸಿಯಂ ಕ್ಲೋರೈಡ್, ಇವೆರಡರಲ್ಲಿ ಸಿಲಿಕಾ ಶುದ್ಧ ಸ್ವಭಾವದ್ದು. ಬಿಸಿ ಮಾಡಿ ಒಣಗಿಸಿ ಮತ್ತೆ ಮತ್ತೆ ಬಳಸಬಹುದು, ಸೋರುವುದಿಲ್ಲ. ಆದರೆ ಹೀರುವ ಪ್ರಮಾಣ ಸಣ್ಣದು. ಮೀಟರ್, ರೇಡಿಯೊ, ಕಾಗದಪತ್ರದ ಡಬ್ಬಿಗೆ ಅದು. ಇಡೀ ಕಾರಿಗೆ ಕ್ಯಾಲ್ಸಿಯಂ ಕ್ಲೋರೈಡ್ ಬೇಕು, ಅದು ತನ್ನ ತೂಕವನ್ನೂ ಮೀರಿ ನೀರು ಹೀರಿ ಕರಗುತ್ತದೆ. ಹಾಗೆ ಕರಗಿದ ದ್ರವ ತಗಡಿಗೆ ಚೆಲ್ಲಿದರೆ ತುಕ್ಕು ಖಂಡಿತ. ಹಳ್ಳಿಗಳಲ್ಲಿ ಸುಣ್ಣದ ಕಲ್ಲು ಇಡುವವರೂ ಇದ್ದಾರೆ. ಅದರ ಮೇಲೆ ನೀರು ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ, ಸೋರುವ ಕಾರಿನಲ್ಲಿ ಅದು ಬೇಡ.

ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಯಾವ ಅಂಗಡಿಯಲ್ಲೂ ಸಿಗದ ಉಪಾಯ. ಮೇ ಕೊನೆಯಲ್ಲಿ ಸೀಟು, ಕಾರ್ಪೆಟ್ ಎರಡನ್ನೂ ಬಿಚ್ಚಿ, ಹಳೆಯ ಸೀರೆಯಲ್ಲಿ ಸುತ್ತಿ, ಅಡುಗೆಮನೆಯ ಮೇಲಿನ ಅಟ್ಟಕ್ಕೆ ಏರಿಸಿಬಿಟ್ಟೆ. ಕೆಳಗೆ ಒಲೆ ಉರಿಯುವ ಮನೆಯ ಅಟ್ಟ ಮಳೆಗಾಲದಲ್ಲೂ ಒಣಗಿರುತ್ತದೆ. ಹೊಗೆಯ ವಾಸನೆ ಸ್ವಲ್ಪ ಹಿಡಿಯುತ್ತದೆ ನಿಜ, ಎರಡು ಬಿಸಿಲಿಗೆ ಹೋಗುತ್ತದೆ. ಬರಿದಾದ ಕಾರಿನಲ್ಲಿ ತೇವ ಹೀರಿಟ್ಟುಕೊಳ್ಳುವ ವಸ್ತುವೇ ಕಡಿಮೆ. ಅದರೊಳಗೆ ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್, ಬಕೆಟ್ಟಿನೊಳಗೆ ತೂತಿನ ಡಬ್ಬಿಯಲ್ಲಿ ಎರಡು ಕಿಲೋ ಕ್ಯಾಲ್ಸಿಯಂ ಕ್ಲೋರೈಡ್, ಪಕ್ಕದಲ್ಲಿ ಕೆಲವು ನೂರು ರೂಪಾಯಿಯ, ಗಾಳಿಯ ತೇವ ಅಳೆಯುವ ಹೈಗ್ರೋಮೀಟರ್. ಕಳೆದ ಜುಲೈನಲ್ಲಿ ಕೊಟ್ಟಿಗೆಯ ಗಾಳಿ 93 ತೋರಿಸುತ್ತಿದ್ದಾಗ ಕಾರಿನೊಳಗೆ ಮುಳ್ಳು 68ರ ಆಚೀಚೆ ಆಡುತ್ತಿತ್ತು. ವಾರಕ್ಕೊಮ್ಮೆ ಸ್ಟಿಯರಿಂಗ್ ಒರೆಸಿದೆ, ತುಪ್ಪಳ ಬರಲಿಲ್ಲ. ಹದಿನೈದು ದಿನಕ್ಕೊಮ್ಮೆ ಬಕೆಟ್ಟಿನಲ್ಲಿ ಲೀಟರಿಗೂ ಮಿಕ್ಕಿ ದ್ರವ ಸೇರುತ್ತಿತ್ತು. ಅದನ್ನು ಬಚ್ಚಲಿನ ಮೋರಿಗೆ ಬಿಟ್ಟು ಮೇಲೆ ಎರಡು ಕೊಡ ನೀರು ಹೊಯ್ಯಿರಿ, ಅಡಿಕೆ ಮರದ ಬುಡಕ್ಕೆ ಮಾತ್ರ ಸುರಿಯಬೇಡಿ.